ಕಡಲ ಅಲೆಯಲ್ಲಿ ಎಷ್ಟು ಕರೆಂಟಿದೆ? ಕರಾವಳಿಗೂ ದ್ವೀಪಕ್ಕೂ ಲೆಕ್ಕ ಹಾಕುವ ಬಗೆ

ಜುಲೈ ತಿಂಗಳಲ್ಲಿ ಉಳ್ಳಾಲದಲ್ಲೋ ಮಲ್ಪೆಯಲ್ಲೋ ಕಡಲು ನೋಡಿದವರು ಕೇಳುವ ಪ್ರಶ್ನೆ ಒಂದೇ. ಇಷ್ಟೊಂದು ಅಬ್ಬರ ಸುಮ್ನೆ ದಡಕ್ಕೆ ಬಡಿದು ಹೋಗ್ತಿದೆ, ಇದರಿಂದ ಕರೆಂಟ್ ತೆಗೆಯಬಹುದಲ್ವಾ? ತೆಗೆಯಬಹುದು. ಕೇರಳದ ವಿಳಿಂಜಂನಲ್ಲಿ 1991ರಲ್ಲೇ ಮದ್ರಾಸ್ ಐಐಟಿಯವರು 150 ಕಿಲೋವ್ಯಾಟ್‌ನ ಅಲೆ ವಿದ್ಯುತ್ ಘಟಕ ಕಟ್ಟಿ ತೋರಿಸಿದ್ದಾರೆ. ಕಾಂಕ್ರೀಟ್ ಕೋಣೆಯೊಳಗೆ ನೀರು ಏರಿಳಿದಾಗ ಮೇಲಿನ ಗಾಳಿ ಒಳಗೂ ಹೊರಗೂ ನುಗ್ಗುತ್ತದೆ. ಆ ಗಾಳಿಯೇ ಟರ್ಬೈನ್ ತಿರುಗಿಸುತ್ತದೆ.

ಯಂತ್ರದ ಮಾತಿಗಿಂತ ಮೊದಲು ತಿಳಿಯಬೇಕಾದ್ದು ಬೇರೆ ಇದೆ. ಈ ಜಾಗಕ್ಕೆ ಅಲೆ ಎಷ್ಟು ಶಕ್ತಿ ತರುತ್ತದೆ? ಯಾವ ತಿಂಗಳಲ್ಲಿ ತರುತ್ತದೆ? ಅದರಲ್ಲಿ ಕೈಗೆ ಸಿಗುವುದು ಎಷ್ಟು? ಈ ಲೆಕ್ಕದ ಬಹುಪಾಲನ್ನು ಒಂದು ಲ್ಯಾಪ್‌ಟಾಪ್, ಇಂಟರ್ನೆಟ್ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಮಾಡಬಹುದು. ಉದಾಹರಣೆಗೆ ಎರಡು ಜಾಗ ಇಟ್ಟುಕೊಳ್ಳೋಣ. ಒಂದು, ಮಲ್ಪೆ ಎದುರಿನ ಕಡಲು. ಇನ್ನೊಂದು, ಲಕ್ಷದ್ವೀಪದ ಕವರಟ್ಟಿ. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ ಅಕ್ಕಿ, ತರಕಾರಿ, ಜಲ್ಲಿ ಹೋಗುವ ದ್ವೀಪಸಮೂಹ ಅದು. ನಮಗೆ ದೂರದ ಊರಲ್ಲ.

ಮೊದಲ ಹೆಜ್ಜೆ: ಕರೆಂಟು ಯಾರಿಗೆ, ಯಾವಾಗ ಬೇಕು?

ಇದನ್ನು ಬಿಟ್ಟು ನೇರ ಡೇಟಾಕ್ಕೆ ಹಾರುವವರೇ ಜಾಸ್ತಿ. ಆದರೆ ಉತ್ತರ ಇಲ್ಲೇ ಅರ್ಧ ನಿರ್ಧಾರವಾಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಲೆಯ ಶಕ್ತಿ ಬರುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೇ ಹೊತ್ತಿಗೆ ಲಿಂಗನಮಕ್ಕಿ ತುಂಬುತ್ತಿರುತ್ತದೆ, ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿರುತ್ತವೆ, ಮಳೆ ಬಿದ್ದ ಕಡೆ ಪಂಪ್‌ಸೆಟ್‌ಗಳು ನಿಂತಿರುತ್ತವೆ. ಕರ್ನಾಟಕದ ಗ್ರಿಡ್ ಕರೆಂಟಿಗಾಗಿ ಒದ್ದಾಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಕಡಲು ತಣ್ಣಗಿರುತ್ತದೆ. ಕವರಟ್ಟಿಯಲ್ಲಿ ಚಿತ್ರ ಪೂರ್ತಿ ಬೇರೆ. ಅಲ್ಲಿ ನದಿ ಇಲ್ಲ, ಜಲವಿದ್ಯುತ್ ಇಲ್ಲ. ಕರೆಂಟು ಬಹುಮಟ್ಟಿಗೆ ಡೀಸೆಲ್ ಜನರೇಟರಿನಿಂದ ಬರುತ್ತದೆ. ಆ ಡೀಸೆಲ್ ಹಡಗಿನಲ್ಲಿ ಬರಬೇಕು. ಮಳೆಗಾಲದಲ್ಲಿ ಮೋಡ ಕವಿದು ಸೋಲಾರ್ ಇಳಿದಾಗಲೇ ಅಲೆ ಏರುತ್ತದೆ. ಹಾಗಾಗಿ ಎರಡೂ ಕಡೆ ಅಲೆ ಒಂದೇ ಅಳತೆಯದ್ದಾದರೂ ಅದರ ಬೆಲೆ ಒಂದೇ ಆಗುವುದಿಲ್ಲ. ಅಲೆ ವಿದ್ಯುತ್ತಿಗೆ ನಮ್ಮ ಸುತ್ತಮುತ್ತ ಮೊದಲ ಹಕ್ಕು ದ್ವೀಪಗಳದ್ದು ಅಂತ ನಾನು ಹೇಳುವುದು ಈ ಕಾರಣಕ್ಕೆ.

ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ಅಂತರರಾಷ್ಟ್ರೀಯ ಮಾನಕ ಐಇಸಿ 62600-101 ಮೂರು ಹಂತ ಹೇಳುತ್ತದೆ. ದೊಡ್ಡ ಪ್ರದೇಶದ ಮೇಲ್ನೋಟದ ಸರ್ವೆ ಮೊದಲನೆಯದು. ಆಯ್ದ ಜಾಗದ ಸಾಧ್ಯತಾ ಅಧ್ಯಯನ ಎರಡನೆಯದು. ಯಂತ್ರದ ವಿನ್ಯಾಸಕ್ಕೆ ಬೇಕಾದ ನಿಖರ ಲೆಕ್ಕ ಮೂರನೆಯದು. ಮನೆಯಲ್ಲಿ ಕೂತು ಮೊದಲನೆಯದನ್ನು ಪೂರ್ತಿ ಮುಗಿಸಬಹುದು, ಎರಡನೆಯದರ ಅರ್ಧದಷ್ಟು ಮಾಡಬಹುದು. ಮೂರನೆಯದಕ್ಕೆ ಕಡಲಿಗೆ ಇಳಿಯಲೇಬೇಕು.

ಎರಡನೇ ಹೆಜ್ಜೆ: ಡೇಟಾ ಇಳಿಸಿಕೊಳ್ಳುವುದು

ಶುರು ಮಾಡಲು ಇಆರ್‌ಎ-5 ಸಾಕು. ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್ ತಯಾರಿಸಿದ ಮರುವಿಶ್ಲೇಷಣೆಯ ಡೇಟಾ ಅದು, ಅಂದರೆ ಹಳೆಯ ಅಳತೆಗಳನ್ನೂ ಕಂಪ್ಯೂಟರ್ ಮಾಡೆಲನ್ನೂ ಸೇರಿಸಿ ಹಿಂದಿನ ಹವಾಮಾನವನ್ನು ಮತ್ತೆ ಕಟ್ಟಿದ್ದು. 1940ರಿಂದ ಈಚೆಗೆ, ಗಂಟೆಗೊಂದರಂತೆ, ಇಡೀ ಜಗತ್ತಿನ ಕಡಲಿಗೆ ಸಿಗುತ್ತದೆ. ಕೋಪರ್ನಿಕಸ್ ಕ್ಲೈಮೇಟ್ ಡೇಟಾ ಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ಆಯಿತು. ಅಲೆಯ ಡೇಟಾ ಅರ್ಧ ಡಿಗ್ರಿ ಚೌಕಗಳಲ್ಲಿದೆ, ಅಂದರೆ ಸುಮಾರು 55 ಕಿ.ಮೀ.ಗೆ ಒಂದು ಬಿಂದು. ಮಲ್ಪೆಗೆ 13.5 ಡಿಗ್ರಿ ಉತ್ತರ, 74 ಡಿಗ್ರಿ ಪೂರ್ವದ ಬಿಂದು ತೆಗೆದುಕೊಳ್ಳಿ. ಅದು ದಡದಿಂದ ಸುಮಾರು 75 ಕಿ.ಮೀ. ಆಚೆ ಇದೆ. ಕವರಟ್ಟಿಗೆ 10.5 ಉತ್ತರ, 72.5 ಪೂರ್ವ.

ಬೇಕಾದ್ದು ಮೂರು ಅಂಶ: ಗಾಳಿ ಅಲೆ ಮತ್ತು ಸ್ವೆಲ್ ಸೇರಿದ ಸಿಗ್ನಿಫಿಕೆಂಟ್ ಎತ್ತರ, ಸರಾಸರಿ ಅವಧಿ, ಸರಾಸರಿ ದಿಕ್ಕು. ಸ್ವೆಲ್ ಅಂದರೆ ದೂರದ ಬಿರುಗಾಳಿಯಲ್ಲಿ ಹುಟ್ಟಿ ಸಾವಿರಾರು ಕಿ.ಮೀ. ಸಾಗಿ ಬರುವ ಉದ್ದ ಅಲೆ. ನಮ್ಮ ಕಡಲಿಗೆ ದಕ್ಷಿಣ ಮಹಾಸಾಗರದಿಂದ ಇದು ವರ್ಷವಿಡೀ ಬರುತ್ತಿರುತ್ತದೆ. ಸಿಗ್ನಿಫಿಕೆಂಟ್ ಎತ್ತರ ಅಂದರೆ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ, ಹೆಚ್ಚುಕಡಿಮೆ ಅನುಭವಿ ಮೀನುಗಾರ ಕಣ್ಣಳತೆಯಲ್ಲಿ ಹೇಳುವಷ್ಟೇ. ಇದನ್ನು ಮುಂದೆ ಎಚ್‌ಎಸ್ ಅನ್ನುತ್ತೇನೆ.

ಅವಧಿ ಅಂದರೆ ಒಂದು ಅಲೆ ಹಾದು ಮುಂದಿನದು ಬರಲು ಹಿಡಿಯುವ ಸಮಯ. ಇದರ ವಿಷಯದಲ್ಲಿ ಜಾಗ್ರತೆ ಬೇಕು. ಇಆರ್‌ಎ-5ರಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಅವಧಿಗಳಿವೆ. ಶಕ್ತಿಯ ಲೆಕ್ಕಕ್ಕೆ ಬೇಕಾದ್ದು ಎನರ್ಜಿ ಪೀರಿಯಡ್ (ಟಿಇ), ಅಂದರೆ ಅಲೆಗಳ ಶಕ್ತಿಗೆ ತಕ್ಕಂತೆ ತೂಕ ಕೊಟ್ಟು ತೆಗೆದ ಸರಾಸರಿ ಅವಧಿ. ಅಲ್ಲಿ ಬರೀ 'ಮೀನ್ ವೇವ್ ಪೀರಿಯಡ್' ಎಂದು ಬರೆದಿರುವುದೇ ಟಿಇ. 'ಎರಡನೇ ಮೊಮೆಂಟ್ ಆಧರಿಸಿದ' ಎಂದು ಇರುವುದು ಬೇರೆ, ಅದರ ಬೆಲೆ ಕಡಿಮೆ ಬರುತ್ತದೆ. ತಪ್ಪಿ ಅದನ್ನು ಇಳಿಸಿಕೊಂಡರೆ ಇಡೀ ಲೆಕ್ಕ ಕೆಳಗಿಳಿಯುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ಮಾನಕ ಹೇಳುವಂತೆ ಕನಿಷ್ಠ 10 ವರ್ಷದ ಡೇಟಾ ಇರಲಿ. 20 ವರ್ಷ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮುಂಗಾರು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕಡತ ನೆಟ್‌ಸಿಡಿಎಫ್ ರೂಪದಲ್ಲಿ ಬರುತ್ತದೆ, ಪೈಥಾನ್‌ನ ಎಕ್ಸ್‌ಅರೇ ಎಂಬ ಲೈಬ್ರರಿ ಅದನ್ನು ಸಲೀಸಾಗಿ ತೆರೆಯುತ್ತದೆ.

ಮೂರನೇ ಹೆಜ್ಜೆ: ಸೂತ್ರ

ಆಳ ಸಮುದ್ರಕ್ಕೆ ಸೂತ್ರ ಸುಲಭ:

ಶಕ್ತಿ = 0.49 × ಎಚ್‌ಎಸ್ × ಎಚ್‌ಎಸ್ × ಟಿಇ

ಎಚ್‌ಎಸ್ ಮೀಟರಿನಲ್ಲಿ, ಟಿಇ ಸೆಕೆಂಡಿನಲ್ಲಿ. ಉತ್ತರ ಬರುವುದು ಒಂದು ಮೀಟರ್ ಅಗಲಕ್ಕೆ ಎಷ್ಟು ಕಿಲೋವ್ಯಾಟ್ ಎಂದು. ಕಡಲಲ್ಲಿ ಒಂದು ಮೀಟರ್ ಅಗಲದ ಬಾಗಿಲು ಇಟ್ಟರೆ ಅದರ ಮೂಲಕ ಹಾದುಹೋಗುವ ಶಕ್ತಿ ಇದು.

ಜುಲೈಯ ಜೋರು ದಿನವೊಂದನ್ನು ತೆಗೆದುಕೊಳ್ಳಿ. ಎಚ್‌ಎಸ್ 3 ಮೀಟರ್, ಟಿಇ 9 ಸೆಕೆಂಡ್. ಲೆಕ್ಕ ಹಾಕಿದರೆ ಸುಮಾರು 40 ಕಿಲೋವ್ಯಾಟ್. ಜನವರಿಯ ತಣ್ಣನೆ ದಿನಕ್ಕೆ ಎಚ್‌ಎಸ್ 0.6, ಟಿಇ 7 ಇಟ್ಟುಕೊಳ್ಳಿ. ಬರುವುದು 1.2 ಕಿಲೋವ್ಯಾಟ್. ಎತ್ತರದಲ್ಲಿ ಐದು ಪಟ್ಟು ವ್ಯತ್ಯಾಸ, ಶಕ್ತಿಯಲ್ಲಿ ಮೂವತ್ತು ಪಟ್ಟಿಗೂ ಜಾಸ್ತಿ. ಎತ್ತರ ಎರಡು ಸಲ ಗುಣಿಸುತ್ತದಲ್ಲ, ಅದರ ಪರಿಣಾಮ ಇದು. ಎತ್ತರದ ಅಳತೆಯಲ್ಲಿ 10% ತಪ್ಪಾದರೆ ಶಕ್ತಿಯಲ್ಲಿ 21% ತಪ್ಪಾಗುತ್ತದೆ.

ನಾಲ್ಕನೇ ಹೆಜ್ಜೆ: ಗಂಟೆಗಂಟೆಗೂ ಲೆಕ್ಕ, ಸರಾಸರಿ ಆಮೇಲೆ

ವರ್ಷದ ಸರಾಸರಿ ಎತ್ತರ ಹುಡುಕಿ ಅದನ್ನೇ ಸೂತ್ರಕ್ಕೆ ಹಾಕುವುದು ಬಹಳ ಸಾಮಾನ್ಯ. ಅದು ಯಾಕೆ ಸರಿಯಲ್ಲ ನೋಡಿ. ನಾಲ್ಕು ತಿಂಗಳು ಎಚ್‌ಎಸ್ 2.4 ಮೀಟರ್, ಎಂಟು ತಿಂಗಳು 0.7 ಮೀಟರ್, ಟಿಇ ಯಾವಾಗಲೂ 8 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಸರಾಸರಿ ಎತ್ತರ 1.27 ಮೀಟರ್. ಅದರಿಂದ ಬರುವ ಶಕ್ತಿ 6.3 ಕಿಲೋವ್ಯಾಟ್. ಈಗ ಬೇರೆಬೇರೆಯಾಗಿ ಲೆಕ್ಕ ಹಾಕಿ. ಮಳೆಗಾಲಕ್ಕೆ 22.6, ಉಳಿದ ಕಾಲಕ್ಕೆ 1.9. ಹನ್ನೆರಡು ತಿಂಗಳ ಸರಾಸರಿ 8.8. ಮೊದಲನೆಯ ವಿಧಾನದಲ್ಲಿ ಕಾಲು ಭಾಗಕ್ಕೂ ಹೆಚ್ಚು ಶಕ್ತಿ ಕಾಣೆಯಾಗಿತ್ತು.

ಹಾಗಾಗಿ ಪ್ರತಿ ಗಂಟೆಗೂ ಶಕ್ತಿ ಲೆಕ್ಕ ಹಾಕಿ, ಆಮೇಲೆ ಸರಾಸರಿ ತೆಗೆಯಿರಿ. 20 ವರ್ಷಕ್ಕೆ ಒಂದು ಲಕ್ಷದ ಎಪ್ಪತ್ತೈದು ಸಾವಿರ ಗಂಟೆಗಳಾಗುತ್ತವೆ. ಲ್ಯಾಪ್‌ಟಾಪಿಗೆ ಅದು ಕ್ಷಣದ ಕೆಲಸ.

ಅದೇ ಉದಾಹರಣೆಯಲ್ಲಿ ಇನ್ನೊಂದು ವಿಷಯವೂ ಇದೆ. ವರ್ಷದ ಒಟ್ಟು ಶಕ್ತಿಯ 85% ಆ ನಾಲ್ಕೇ ತಿಂಗಳಲ್ಲಿ ಬಂತು. ಅಂಕಿಗಳು ಕಲ್ಪಿತ, ಆದರೆ ನಮ್ಮ ಕರಾವಳಿಯ ನಿಜವಾದ ಸ್ವಭಾವ ಇದಕ್ಕೆ ತೀರಾ ಹತ್ತಿರ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಪಶ್ಚಿಮ ಕರಾವಳಿಯ ಅಂಕಿಗಳನ್ನು ನೋಡಿ ನಮ್ಮದನ್ನು ಅಳೆಯಬೇಡಿ. ಅಲ್ಲಿನ ವರ್ಷದ ಸರಾಸರಿಯೇ ನಮ್ಮ ಮಳೆಗಾಲದ ಜೋರು ದಿನಗಳನ್ನು ಮೀರಿಸುತ್ತದೆ.

ಐದನೇ ಹೆಜ್ಜೆ: ತಿಂಗಳ ಪಟ್ಟಿ, ದಿಕ್ಕಿನ ಪಟ್ಟಿ

ಹನ್ನೆರಡು ತಿಂಗಳಿಗೂ ಬೇರೆ ಬೇರೆ ಸರಾಸರಿ ಬರೆಯಿರಿ. ಅತಿ ಹೆಚ್ಚಿನ ತಿಂಗಳ ಶಕ್ತಿಯಿಂದ ಅತಿ ಕಡಿಮೆ ತಿಂಗಳದ್ದನ್ನು ಕಳೆದು ವರ್ಷದ ಸರಾಸರಿಯಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು 1ಕ್ಕಿಂತ ಕಡಿಮೆ ಇದ್ದರೆ ಕಡಲು ಸಾಕಷ್ಟು ಸ್ಥಿರ. ನಮ್ಮಲ್ಲಿ 2ಕ್ಕಿಂತ ಮೇಲೆ ಬಂದರೆ ಗಾಬರಿ ಬೇಡ, ಅದು ಮುಂಗಾರಿನ ಸಹಿ.

ನಂತರ ಒಂದು ಕೋಷ್ಟಕ. ಅಡ್ಡಸಾಲಿನಲ್ಲಿ ಟಿಇ, ಒಂದೊಂದು ಸೆಕೆಂಡಿಗೆ ಒಂದು ಮನೆ. ಉದ್ದಸಾಲಿನಲ್ಲಿ ಎಚ್‌ಎಸ್, ಅರ್ಧರ್ಧ ಮೀಟರಿಗೆ ಒಂದು ಮನೆ. ಪ್ರತಿ ಮನೆಯಲ್ಲಿ ವರ್ಷಕ್ಕೆ ಎಷ್ಟು ಗಂಟೆ ಆ ಸ್ಥಿತಿ ಇರುತ್ತದೆ ಎಂದು ಬರೆಯಬೇಕು. ಹತ್ತನೇ ಹೆಜ್ಜೆಯಲ್ಲಿ ಕರೆಂಟಿನ ಲೆಕ್ಕ ಬರುವುದು ಇದರಿಂದಲೇ. ಜೊತೆಗೆ ಎಂಟೋ ಹದಿನಾರೋ ದಿಕ್ಕುಗಳಿಗೆ ಶಕ್ತಿ ಹಂಚಿ ನೋಡಿ. ಮಳೆಗಾಲದಲ್ಲಿ ಪಶ್ಚಿಮ ಮತ್ತು ನೈಋತ್ಯ ಎದ್ದು ಕಾಣುತ್ತವೆ. ನವೆಂಬರ್‌ನಿಂದ ಮಾರ್ಚ್ ನಡುವೆ ಕೆಲವು ದಿನ ವಾಯವ್ಯದಿಂದ ಅಲೆ ಬರುತ್ತದೆ. ಅದು ಅರೇಬಿಯಾದ ಶಮಾಲ್ ಗಾಳಿ ಎಬ್ಬಿಸಿದ ಸ್ವೆಲ್.

ಆರನೇ ಹೆಜ್ಜೆ: ದಡದ ಹತ್ತಿರಕ್ಕೆ ತರುವುದು

ಇಲ್ಲಿಯವರೆಗಿನ ಲೆಕ್ಕ ದಡದಿಂದ ದೂರದ್ದು. ದಡದತ್ತ ಬರುವ ಅಲೆಗೆ ಒಂದು ಹಂತದಲ್ಲಿ ತಳ ತಾಗುತ್ತದೆ. ಆಳ ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಇದು ಶುರು. ಆಳ ನೀರಿನಲ್ಲಿ ಅಲೆಯ ಉದ್ದ ಅಂದರೆ 1.56ನ್ನು ಅವಧಿಯ ವರ್ಗದಿಂದ ಗುಣಿಸಿದಷ್ಟು. 8 ಸೆಕೆಂಡಿನ ಅಲೆಗೆ ಸುಮಾರು 100 ಮೀಟರ್ ಉದ್ದ, ಹಾಗಾಗಿ 50 ಮೀಟರ್ ಆಳದಲ್ಲೇ ಅದಕ್ಕೆ ತಳದ ಅರಿವಾಗುತ್ತದೆ. 14 ಸೆಕೆಂಡಿನ ಸ್ವೆಲ್‌ಗೆ 150 ಮೀಟರ್ ಆಳದಲ್ಲೇ.

ಮೇಲಿನ 0.49ರ ಸೂತ್ರ ಇಲ್ಲಿ ಪೂರ್ತಿ ಸರಿ ಬರುವುದಿಲ್ಲ. 10 ಮೀಟರ್ ಆಳದಲ್ಲಿ 9 ಸೆಕೆಂಡಿನ ಅಲೆಯನ್ನು ಅಳೆದಿದ್ದೀರಿ ಅಂತಿಟ್ಟುಕೊಳ್ಳಿ. ಅಲ್ಲಿ ಶಕ್ತಿ ಸಾಗುವ ವೇಗ ಸೆಕೆಂಡಿಗೆ 7.7 ಮೀಟರ್. ಆಳ ನೀರಿನ ಸೂತ್ರ ಅದನ್ನು 7 ಎಂದುಕೊಳ್ಳುತ್ತದೆ. ಸುಮಾರು 9% ಕಡಿಮೆ ಉತ್ತರ ಬರುತ್ತದೆ. ಕಡಿಮೆ ಆಳದ ಬೋಯ್ (ಅಲೆ ಅಳೆಯುವ ತೇಲು ಉಪಕರಣ) ಡೇಟಾ ಬಳಸುವಾಗ ವೇಗವನ್ನು ಆ ಆಳಕ್ಕೇ ಲೆಕ್ಕ ಹಾಕಿ.

ಅಲೆ ತಳಕ್ಕೆ ಉಜ್ಜಿ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಒಡೆಯುತ್ತದೆ ಎಂದು ತಿಳಿಯಲು ಸ್ವಾನ್ ಎಂಬ ಮಾಡೆಲ್ ಇದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ್ದು, ಉಚಿತ. ಅದಕ್ಕೆ ಆಳದ ನಕ್ಷೆ ಬೇಕು. ಜೆಬ್ಕೊ ನಕ್ಷೆ ಉಚಿತವಾಗಿ ಸಿಗುತ್ತದೆ, ಬಿಂದುಗಳ ಅಂತರ ಸುಮಾರು 450 ಮೀಟರ್. ದೊಡ್ಡ ಚಿತ್ರಕ್ಕೆ ಪರವಾಗಿಲ್ಲ. ಆದರೆ 20 ಮೀಟರಿಗಿಂತ ಕಡಿಮೆ ಆಳದಲ್ಲಿ ಅದನ್ನೇ ನೆಚ್ಚಿಕೊಳ್ಳಬೇಡಿ. ಡೆಹ್ರಾಡೂನ್‌ನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಯ ನಕ್ಷೆ ತೆಗೆದುಕೊಂಡು ಹೋಲಿಸಿ. ಅಳಿವೆ ಬಾಗಿಲುಗಳಲ್ಲಿ ಮರಳ ದಿಬ್ಬ ವರ್ಷವರ್ಷ ಜಾಗ ಬದಲಿಸುತ್ತದೆ. ಅಲ್ಲಿಗೆ ಯಾವ ಹಳೆ ನಕ್ಷೆಯೂ ಸಾಲದು.

ಕರ್ನಾಟಕದ ಕರಾವಳಿಯ ತಳ ನಿಧಾನಕ್ಕೆ ಇಳಿಯುತ್ತದೆ. ದಡ ತಲುಪುವ ಮುಂಚೆಯೇ ಅಲೆ ತನ್ನ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ದಡದಿಂದ ದೂರ ಹೋದರೆ ಶಕ್ತಿ ಜಾಸ್ತಿ, ಕೇಬಲ್ ಖರ್ಚೂ ಜಾಸ್ತಿ. 10, 20, 30, 50 ಮೀಟರ್ ಆಳಗಳಲ್ಲಿ ಸ್ವಾನ್ ಕೊಡುವ ಶಕ್ತಿಯನ್ನೂ, ದಡದಿಂದ ಇರುವ ದೂರವನ್ನೂ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಏಳನೇ ಹೆಜ್ಜೆ: ದ್ವೀಪದ ಲೆಕ್ಕ ಬೇರೆ

ಕವರಟ್ಟಿಯ ವಿಸ್ತೀರ್ಣ ಸುಮಾರು 4 ಚದರ ಕಿ.ಮೀ. 55 ಕಿ.ಮೀ.ಗೊಂದು ಬಿಂದು ಇರುವ ಡೇಟಾದ ಕಣ್ಣಿಗೆ ಆ ದ್ವೀಪ ಕಾಣುವುದೇ ಇಲ್ಲ. ಅಲೆ ಅದರ ಮೇಲಿಂದ ನೇರ ಹಾದುಹೋದಂತೆ ಅಂಕಿ ಬರುತ್ತದೆ. ದ್ವೀಪದ ನಾಲ್ಕೂ ಬದಿಗೆ ಆ ಒಂದೇ ಅಂಕಿ ಹಾಕಿದ ವರದಿ ನೋಡಿದರೆ ಪಕ್ಕಕ್ಕಿಡಿ.

ನಿಜದಲ್ಲಿ ಆಗುವುದು ಹೀಗೆ. ಲಕ್ಷದ್ವೀಪದ ಹವಳದ ದ್ವೀಪಗಳಲ್ಲಿ ಲಗೂನ್ (ಹವಳದ ದಂಡೆಯೊಳಗಿನ ಕಡಿಮೆ ಆಳದ ನೀರು) ಸಾಮಾನ್ಯವಾಗಿ ಪಶ್ಚಿಮಕ್ಕಿರುತ್ತದೆ. ಅದರಾಚೆ ಹವಳದ ದಂಡೆ. ಮುಂಗಾರಿನ ಅಲೆ ಆ ದಂಡೆಯ ಮೇಲೆ ಒಡೆದು ಬೀಳುತ್ತದೆ. ಲಗೂನ್ ಒಳಗೆ ಉಳಿಯುವುದು ಸಣ್ಣ ಅಲೆ. ಪೂರ್ವದ ಬದಿಯಲ್ಲಿ ಕಡಲು ದಡದಿಂದ ಸ್ವಲ್ಪ ದೂರದಲ್ಲೇ ತಟ್ಟನೆ ಆಳವಾಗುತ್ತದೆ, ಆದರೆ ಮುಂಗಾರಿನಲ್ಲಿ ಅದು ದ್ವೀಪದ ನೆರಳಲ್ಲಿರುತ್ತದೆ. ಶಕ್ತಿ ಒಂದು ಬದಿಗೆ, ಯಂತ್ರ ಇಳಿಸಲು ಅನುಕೂಲ ಇನ್ನೊಂದು ಬದಿಗೆ. ದ್ವೀಪದ ಅಧ್ಯಯನದ ತಿರುಳೇ ಈ ಜಗ್ಗಾಟ.

ಇದನ್ನು ಬಿಡಿಸಲು ಸ್ವಾನ್‌ನಲ್ಲಿ ಲೆಕ್ಕದ ಬಿಂದುಗಳ ಜಾಲರಿಯನ್ನು ಒಂದರೊಳಗೊಂದು ಇಡಬೇಕು. ಹೊರಗಿನದು ಕೆಲವು ಕಿ.ಮೀ. ಅಂತರದ್ದು, ಒಳಗಿನದು 50ರಿಂದ 100 ಮೀಟರಿನದು. ನಂತರ ದ್ವೀಪದ ಸುತ್ತ, ದಂಡೆಯ ಹೊರಗೆ, ಒಂದೇ ಆಳದಲ್ಲಿ ಹನ್ನೆರಡೋ ಹದಿನಾರೋ ಬಿಂದು ಗುರುತಿಸಿ. ಪ್ರತಿ ಬಿಂದುವಿಗೂ ತಿಂಗಳ ಪಟ್ಟಿ ಬರೆಯಿರಿ. ದ್ವೀಪದ ಉತ್ತರ, ದಕ್ಷಿಣ ತುದಿಗಳನ್ನು ವಿಶೇಷವಾಗಿ ನೋಡಿ. ಪಶ್ಚಿಮದ ಅಬ್ಬರ ಪೂರ್ತಿ ಬಡಿಯದೆ, ನೆರಳಲ್ಲೂ ಪೂರ್ತಿ ಮುಳುಗದೆ ಇರುವ ಜಾಗ ಅಲ್ಲಿ ಸಿಗಬಹುದು. ವರ್ಷವಿಡೀ ದಕ್ಷಿಣದಿಂದ ಬರುವ ಸ್ವೆಲ್ ಯಾವ ಬದಿಗೆ ತಾಗುತ್ತದೆ ಎಂಬುದು ದ್ವೀಪಕ್ಕೆ ಬಹಳ ಮುಖ್ಯ, ಯಾಕೆಂದರೆ ಬೇಸಿಗೆಯಲ್ಲಿ ಡೀಸೆಲ್ ಉಳಿಸಬಲ್ಲ ಅಲೆ ಅದೊಂದೇ.

ಎಂಟನೇ ಹೆಜ್ಜೆ: ಬೋಯ್ ಜೊತೆ ತಾಳೆ ನೋಡುವುದು

ಮಾಡೆಲ್ ಹೇಳಿದ್ದನ್ನೆಲ್ಲ ನಂಬಬಾರದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಾರವಾರವೂ ಸೇರಿದಂತೆ ದೇಶದ ಕರಾವಳಿಯಲ್ಲಿ ಅಲೆ ಅಳೆಯುವ ವೇವ್ ರೈಡರ್ ಬೋಯ್‌ಗಳನ್ನು ಇಟ್ಟಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹೊನ್ನಾವರದ ಎದುರು ಅಳತೆ ಮಾಡಿದೆ. ಅಧ್ಯಯನಕ್ಕೆ ಎಂದು ಕೋರಿ ಅರ್ಜಿ ಹಾಕಿ. ದೊಡ್ಡ ಚೆಂಡಿನಂಥ ಈ ಬೋಯ್ ಅಲೆಯ ಜೊತೆ ಏರಿಳಿಯುತ್ತ ತನ್ನ ಚಲನೆ ದಾಖಲಿಸುತ್ತದೆ. ಅದರಿಂದ ಅರ್ಧ ಗಂಟೆಗೊಂದು ಸ್ಪೆಕ್ಟ್ರಮ್ ಸಿಗುತ್ತದೆ, ಅಂದರೆ ಯಾವ ಅವಧಿಯ ಅಲೆಯಲ್ಲಿ ಎಷ್ಟು ಶಕ್ತಿ ಇದೆ ಎಂಬ ಹಂಚಿಕೆ.

ಸಿಕ್ಕರೆ ಸ್ಪೆಕ್ಟ್ರಮ್ಮನ್ನೇ ಕೇಳಿ ಪಡೆಯಿರಿ. ಪೀಕ್ ಪೀರಿಯಡ್ (ಅತಿ ಹೆಚ್ಚು ಶಕ್ತಿ ಇರುವ ಅಲೆಯ ಅವಧಿ) ಒಂದೇ ಕೊಟ್ಟರೆ ಬೇಸಿಗೆಯಲ್ಲಿ ಮೋಸ ಹೋಗುತ್ತೀರಿ. ಮಾರ್ಚ್ ತಿಂಗಳ ಬೆಳಗ್ಗೆ ಕಡಲಲ್ಲಿ 14 ಸೆಕೆಂಡಿನ ಸ್ವೆಲ್ ಮಾತ್ರ ಇರುತ್ತದೆ. ಮಧ್ಯಾಹ್ನ ಕಡಲ ಗಾಳಿ ಎದ್ದು ಅದರ ಮೇಲೆ 5 ಸೆಕೆಂಡಿನ ಚಿಕ್ಕ ಅಲೆ ಏಳುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ ಎರಡು ಗುಡ್ಡ. ಚಿಕ್ಕ ಅಲೆಯ ಗುಡ್ಡ ಒಂದಿಷ್ಟು ಎತ್ತರವಾದ ಕೂಡಲೇ ಪೀಕ್ ಪೀರಿಯಡ್ 14ರಿಂದ 5ಕ್ಕೆ ಹಾರುತ್ತದೆ. ಪೀಕ್‌ನ 0.9 ಪಾಲನ್ನು ಟಿಇ ಎಂದು ಹಿಡಿಯುವ ರೂಢಿಯಂತೆ ಹೋದರೆ 12.6 ಇದ್ದದ್ದು ಒಂದೇ ಗಂಟೆಯಲ್ಲಿ 4.5 ಆಗುತ್ತದೆ. ಕಾಗದದ ಮೇಲೆ ಶಕ್ತಿ ಮೂರನೇ ಒಂದು ಪಾಲಿಗೆ ಬೀಳುತ್ತದೆ. ಕಡಲಲ್ಲಿ ಆ ಸ್ವೆಲ್ ಎಲ್ಲಿಗೂ ಹೋಗಿರುವುದಿಲ್ಲ.

ಬೋಯ್ ಮತ್ತು ಮಾಡೆಲ್‌ನ ಎಚ್‌ಎಸ್ ಹೋಲಿಸುವಾಗ ಮಳೆಗಾಲ ಮತ್ತು ಉಳಿದ ಕಾಲವನ್ನು ಬೇರೆ ಮಾಡಿ. ಎರಡನ್ನೂ ಬೆರೆಸಿದರೆ ಹೊಂದಾಣಿಕೆ ಚೆನ್ನಾಗಿ ಕಾಣುತ್ತದೆ, ಆದರೆ ಬೇಸಿಗೆಯ ತಪ್ಪು ಮಳೆಗಾಲದ ದೊಡ್ಡ ಅಂಕಿಗಳ ಹಿಂದೆ ಅಡಗಿಬಿಡುತ್ತದೆ. ಬೋಯ್ ಇಲ್ಲದ ಜಾಗಕ್ಕೆ ಉಪಗ್ರಹದ ಅಳತೆ ಇದೆ. 2013ರಲ್ಲಿ ಇಸ್ರೋ ಹಾರಿಸಿದ ಸರಳ್ ಉಪಗ್ರಹದಲ್ಲಿ ಫ್ರಾನ್ಸಿನ ಆಲ್ಟಿಕಾ ಉಪಕರಣ ಇತ್ತು, ಅದು ಅಲೆಯ ಎತ್ತರ ಅಳೆಯುತ್ತಿತ್ತು. ಸೆಂಟಿನೆಲ್-3 ಈಗಲೂ ಅಳೆಯುತ್ತಿದೆ.

ಒಂಬತ್ತನೇ ಹೆಜ್ಜೆ: ತೂಫಾನ್ ಬಂದರೆ?

ದುಡಿಯುವ ಅಲೆ ಒಂದು, ಒಡೆಯುವ ಅಲೆ ಇನ್ನೊಂದು. 2017ರ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಅಲ್ಲಾಡಿಸಿತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಡವನ್ನೂ ಕೊರೆಯಿತು. ಸ್ಪೇನಿನ ಮುತ್ರಿಕು ಅಲೆ ವಿದ್ಯುತ್ ಘಟಕಕ್ಕೆ ಕಟ್ಟುವಾಗಲೇ ಬಿರುಗಾಳಿಯ ಪೆಟ್ಟು ಬಿತ್ತು. ಅದನ್ನು ಸರಿಪಡಿಸಿ 2011ರಲ್ಲಿ ಶುರು ಮಾಡಿದರು. 50 ವರ್ಷಕ್ಕೊಮ್ಮೆ ಬರಬಹುದಾದ ಎಚ್‌ಎಸ್ ಎಷ್ಟು ಎಂದು ಅಂಕಿಸಂಖ್ಯಾ ವಿಧಾನದಿಂದ ಅಂದಾಜು ಮಾಡಿ. ಇಆರ್‌ಎ-5 ಚಂಡಮಾರುತದ ಅಲೆಯನ್ನು ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಇದಕ್ಕೆ ಮಾತ್ರ ಚಂಡಮಾರುತದ ಗಾಳಿಯನ್ನು ಬೇರೆಯಾಗಿ ಕೊಟ್ಟು ಮಾಡೆಲ್ ಓಡಿಸಬೇಕು.

ಹತ್ತನೇ ಹೆಜ್ಜೆ: ಅಲೆಯಿಂದ ಯೂನಿಟ್‌ಗೆ

ಪ್ರತಿ ಯಂತ್ರಕ್ಕೂ ತಯಾರಕರು ಒಂದು ಕೋಷ್ಟಕ ಕೊಡುತ್ತಾರೆ. ಇಷ್ಟು ಎಚ್‌ಎಸ್, ಇಷ್ಟು ಅವಧಿಗೆ ಇಷ್ಟು ಕಿಲೋವ್ಯಾಟ್ ಎಂದು. ಅವರು ಬಳಸಿದ್ದು ಟಿಇಯೋ ಪೀಕ್ ಪೀರಿಯಡ್ಡೋ ಎಂದು ಮೊದಲು ಕೇಳಿ ತಿಳಿಯಿರಿ. ಐದನೇ ಹೆಜ್ಜೆಯ ಕೋಷ್ಟಕದ ಗಂಟೆಗಳನ್ನು ಇದರ ಕಿಲೋವ್ಯಾಟ್‌ನಿಂದ ಮನೆಮನೆಗೂ ಗುಣಿಸಿ ಕೂಡಿಸಿದರೆ ವರ್ಷದ ಯೂನಿಟ್ ಸಿಗುತ್ತದೆ.

ಕೋಷ್ಟಕ ಇಲ್ಲದಿದ್ದರೆ ಸ್ಥೂಲ ಲೆಕ್ಕ ಹಾಕಿ. ಮೀಟರಿಗೆ 8.8 ಕಿಲೋವ್ಯಾಟ್ ಇರುವ ಕಡೆ 10 ಮೀಟರ್ ಅಗಲದ ಯಂತ್ರ ಇಟ್ಟರೆ ಅದರ ಮುಂದೆ ಬರುವುದು 88 ಕಿಲೋವ್ಯಾಟ್. ಅದರಲ್ಲಿ 20% ಕರೆಂಟಾಯಿತು ಎಂದುಕೊಂಡರೆ 17.6. ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಯೂನಿಟ್. ಇದನ್ನೂ ತಿಂಗಳವಾರು ಬಿಡಿಸಲೇಬೇಕು. ಮಳೆಗಾಲದ ಅಲೆಗೆ ತಕ್ಕ ದೊಡ್ಡ ಜನರೇಟರ್ ಇಟ್ಟರೆ ಎಂಟು ತಿಂಗಳು ಅದು ಬಹುತೇಕ ಸುಮ್ನೆ ಕೂರುತ್ತದೆ. ಚಿಕ್ಕದಿಟ್ಟರೆ ಮಳೆಗಾಲದ ಶಕ್ತಿ ಕೈತಪ್ಪುತ್ತದೆ. ದ್ವೀಪಕ್ಕಾದರೆ ನಾನು ಚಿಕ್ಕದನ್ನೇ ಆರಿಸುತ್ತೇನೆ. ಅಲ್ಲಿ ಹೆಚ್ಚು ದಿನ ದುಡಿಯುವ ಯಂತ್ರಕ್ಕೆ ಬೆಲೆ ಜಾಸ್ತಿ.

ಕೆಟ್ಟು ನಿಲ್ಲುವ ದಿನಗಳನ್ನೂ ಸೇರಿಸಿ. ಜೂನ್ ಎರಡನೇ ವಾರದಲ್ಲಿ ಯಂತ್ರ ಕೈಕೊಟ್ಟರೆ ದೋಣಿ ಹತ್ತಿರ ಹೋಗುವುದೇ ಕಷ್ಟ. ಎಚ್‌ಎಸ್ 1 ಮೀಟರಿಗಿಂತ ಕಡಿಮೆ ಇರುವ ಸಮಯ ಸತತವಾಗಿ ಎಷ್ಟು ಗಂಟೆ ಸಿಗುತ್ತದೆ ಎಂದು ತಿಂಗಳವಾರು ಎಣಿಸಿ. ಮಳೆಗಾಲದಲ್ಲಿ ಅಂಥ ಸಮಯ ಸಿಗದಿದ್ದರೆ ರಿಪೇರಿಗೆ ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕು. ವರ್ಷದ ಬೆಳೆಯೇ ಹೋದ ಹಾಗೆ.

ಹನ್ನೊಂದನೇ ಹೆಜ್ಜೆ: ನಕ್ಷೆಯಲ್ಲಿ ಕಾಣದ್ದು

ಶಕ್ತಿ ಚೆನ್ನಾಗಿರುವ ಜಾಗವೆಲ್ಲ ಸಿಗುವುದಿಲ್ಲ. ನವಮಂಗಳೂರು ಬಂದರಿನ ಹಡಗು ದಾರಿ ಬಿಡಿ. ಕಾರವಾರದ ನೌಕಾನೆಲೆಯ ಸುತ್ತಮುತ್ತ ಬಿಡಿ. ನೇತ್ರಾಣಿಯ ಹವಳ, ಕಡಲಾಮೆ ಮೊಟ್ಟೆಯಿಡುವ ದಡ, ಕರಾವಳಿ ನಿಯಂತ್ರಣ ವಲಯದ ಅಂದರೆ ಸಿಆರ್‌ಝಡ್ ನಿಯಮ, ಎಲ್ಲವನ್ನೂ ನಕ್ಷೆಯ ಮೇಲೆ ಗುರುತು ಮಾಡಿ.

ಆಮೇಲೆ ಮೀನುಗಾರರ ಹತ್ತಿರ ಕೂತು ಮಾತಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಧಕ್ಕೆಯಲ್ಲೇ ಇರುತ್ತವೆ. ಆಗ ಅವರಿಗೂ ಸಮಯ ಇರುತ್ತದೆ. ಆದರೆ ನಾಡದೋಣಿಯವರು ಮಳೆಗಾಲದಲ್ಲೂ ದಡದ ಹತ್ತಿರ ಬಲೆ ಬೀಸುತ್ತಾರೆ. ನಿಮ್ಮ ಯಂತ್ರಕ್ಕೆ ಬೇಕಾದ ಜಾಗ, ಕಾಲ ಎರಡೂ ಅವರದ್ದೇ. ಬಲೆ ಎಲ್ಲಿ ಬಿಡುತ್ತಾರೆ, ತಳದಲ್ಲಿ ಕಲ್ಲು ಎಲ್ಲಿದೆ, ಕೆಸರು ಎಲ್ಲಿದೆ ಎಂದು ಕೇಳಿ. ಲಂಗರು ಹಾಕುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ವರದಿ

ಮೊದಲ ಪುಟದಲ್ಲಿ ತಿಂಗಳವಾರು ಪಟ್ಟಿ ಇರಲಿ, ವರ್ಷದ ಸರಾಸರಿ ಅದರ ಕೆಳಗೆ. ಯಾವ ಡೇಟಾ, ಯಾವ ವರ್ಷಗಳದ್ದು, ಯಾವ ಬಿಂದು, ಎಷ್ಟು ಆಳ, ಯಾವ ಅವಧಿ ಬಳಸಿದಿರಿ ಎಂದು ಸ್ಪಷ್ಟವಾಗಿ ಬರೆಯಿರಿ. ಬೋಯ್ ಜೊತೆ ಎಷ್ಟು ವ್ಯತ್ಯಾಸ ಬಂತು ಎಂಬುದನ್ನು ಮುಚ್ಚಿಡಬೇಡಿ. ಒಂದೇ ಅಂಕಿಯ ಬದಲು ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಕೊಡಿ.

ಜಾಗ ಭರವಸೆ ಹುಟ್ಟಿಸಿದರೆ ಮುಂದಿನ ಕೆಲಸ ಸ್ವಂತ ಬೋಯ್ ಇಳಿಸುವುದು. ಅನುಮತಿ, ಸಲಕರಣೆ, ದೋಣಿ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ದಸರಾ ಮುಗಿದ ಕೂಡಲೇ ಅರ್ಜಿ ಹಾಕಿ, ಏಪ್ರಿಲ್ ಒಳಗೆ ಬೋಯ್ ನೀರಿಗಿಳಿಯಲಿ. ಮೇ ಕೊನೆಗೆ ಕಡಲು ಕೆದರಿದರೆ ಆ ವರ್ಷದ ಮಳೆಗಾಲದ ಅಳತೆ ಸಿಗುವುದಿಲ್ಲ, ಮತ್ತೊಂದು ವರ್ಷ ಕಾಯಬೇಕಾಗುತ್ತದೆ.